ಮಜಾಮಾ ಎಂದರೆ ಎಷ್ಟು ಅಂಕ?

ನಮ್ಮ ಕಡೆಯ ಹಿರಿಯರ ಹಾರೈಕೆ ಒಂದೇ: “ಕೈಕಾಲು ಗಟ್ಟಿ ಇದ್ದಾಗಲೇ ಹೋಗಿಬಿಡಬೇಕು.” ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಧಾರವಾಡದ ಮನೆಗೆ ಬೀಗ ಹಾಕಿ ವಡೋದರಾದ ನಮ್ಮ ಫ್ಲ್ಯಾಟಿಗೆ ಬಂದ ಮೂರನೇ ವರ್ಷ ಅವಳಿಗೆ ಲಕ್ವಾ ಹೊಡೆಯಿತು.

ಒಂದೂವರೆ ತಿಂಗಳಾದ ಮೇಲೆ ಫಿಸಿಯೋಥೆರಪಿಯ ಹುಡುಗಿ ಒಂದು ಹಾಳೆ ಹಿಡಿದು ಬಂದಳು. “ಕೇಮ್ ಛೋ, ಬಾ?” ಅವ್ವನಿಗೆ ಬರುತ್ತಿದ್ದ ಗುಜರಾತಿ ಒಂದೇ ಮಾತು: “ಮಜಾಮಾ.” ಉಳಿದದ್ದಕ್ಕೆಲ್ಲ ಉತ್ತರ ಕೊಟ್ಟವನು ನಾನು. ತಾವೇ ಉಣ್ಣುತ್ತಾರಾ? ಹೌದು. ಸ್ನಾನ? ಹೌದು. ಮೆಟ್ಟಿಲು? ಕೈ ಹಿಡಿದರೆ ಹತ್ತುತ್ತಾರೆ. ನೂರಕ್ಕೆ 95 ಬಂತು. ಖುಷಿಯಿಂದ ಊರಿಗೆಲ್ಲ ಫೋನ್ ಮಾಡಿದೆ. ಇಷ್ಟು ಚೆನ್ನಾಗಿದ್ದಾರಲ್ಲ ಎಂದು ವ್ಯಾಯಾಮದ ದಿನಗಳನ್ನೂ ಕಡಿಮೆ ಮಾಡಿದರು.

ರೋಗಿಯ ದಿನನಿತ್ಯದ ಬದುಕಿಗೆ ಹೀಗೆ ಅಂಕ ಕೊಡುವ ಪದ್ಧತಿ ಹಳೆಯದೇನಲ್ಲ. 1948ರಲ್ಲಿ ಅಮೆರಿಕದ ಡೇವಿಡ್ ಕಾರ್ನೋಫ್ಸ್ಕಿ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿಗೆ ನೈಟ್ರೋಜನ್ ಮಸ್ಟರ್ಡ್ ಕೊಟ್ಟು ನೋಡುತ್ತಿದ್ದರು. ಗಡ್ಡೆ ಕರಗಿತೇ ಎಂಬುದು ಒಂದು ಪ್ರಶ್ನೆ. ರೋಗಿ ಹಾಸಿಗೆಯಿಂದ ಎದ್ದನೇ ಎಂಬುದು ಇನ್ನೊಂದು. ಎರಡನೆಯದಕ್ಕಾಗಿ ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಿಲು ಮಾಡಿದರು. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ, ಆದರೆ ದುಡಿಯಲಾರ ಎಂದರೆ 70. ಅಹಮದಾಬಾದಿನಲ್ಲಿ 1972ರಲ್ಲಿ ಶುರುವಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಂಥ ಕಡೆ ಇಂದಿಗೂ ರೋಗಿ ಎಷ್ಟು ಕಠಿಣ ಔಷಧ ತಡೆದಾನು ಎಂದು ಅಳೆಯಲು ಇಂಥ ಮಾಪಕಗಳೇ ಬೇಕು.

1963ರಲ್ಲಿ ಸಿಡ್ನಿ ಕಾಟ್ಜ್ ಆರು ಕೆಲಸಗಳ ಪಟ್ಟಿ ಪ್ರಕಟಿಸಿದರು: ಸ್ನಾನ, ಬಟ್ಟೆ, ಪಾಯಖಾನೆ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಸೊಂಟದ ಮೂಳೆ ಮುರಿದ ಮುದುಕರನ್ನು ಗಮನಿಸಿದ ಅವರಿಗೆ ಒಂದು ಕ್ರಮ ಕಂಡಿತ್ತು. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಊಟ. ಮರಳಿ ಬರುವಾಗ ಊಟ ಮೊದಲು, ಸ್ನಾನ ಕೊನೆಗೆ. ಮಗು ಕಲಿಯುವ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆ ಎಂದರು ಕಾಟ್ಜ್. ನಾವು ಫೋನಿನಲ್ಲಿ “ಸ್ನಾನ ಆಯ್ತಾ, ಊಟ ಆಯ್ತಾ” ಎಂದು ಕೇಳುವಾಗ ಅರಿವಿಲ್ಲದೆ ಆ ಪಟ್ಟಿಯ ಎರಡು ತುದಿಗಳನ್ನೇ ಮುಟ್ಟುತ್ತೇವೆ.

ಅವ್ವನ ಹಾಳೆ ಮಾತ್ರ ಬಾರ್ಥೆಲ್ ಸೂಚ್ಯಂಕ. ಮೇರಿಲ್ಯಾಂಡಿನ ದೀರ್ಘರೋಗಿಗಳ ಆಸ್ಪತ್ರೆಗಳಲ್ಲಿ 1955ರಿಂದ ಬಳಕೆಯಲ್ಲಿದ್ದ ಇದನ್ನು ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡೊರೊಥಿಯಾ ಬಾರ್ಥೆಲ್ 1965ರಲ್ಲಿ ಪ್ರಕಟಿಸಿದರು. ಹತ್ತು ಪ್ರಶ್ನೆ, ನೂರು ಅಂಕ. ನೂರು ಬಂದವರೂ ಒಂಟಿಯಾಗಿ ಬಾಳಬಲ್ಲರು ಎಂದು ತಿಳಿಯಬೇಡಿ, ಅಡುಗೆ, ಮನೆವಾರ್ತೆ ಅವರಿಗೆ ಆಗದೆ ಇರಬಹುದು ಎಂದು ಆ ಇಬ್ಬರೇ ಎಚ್ಚರಿಸಿದ್ದರು. ಆ ಕೊರತೆ ತುಂಬಲು 1969ರಲ್ಲಿ ಲಾಟನ್ ಮತ್ತು ಬ್ರೋಡಿ ಅಡುಗೆ, ಅಂಗಡಿ, ಹಣ, ಔಷಧಗಳನ್ನೂ ಸೇರಿಸಿ ಎಂಟು ಬಾಬಿನ ಮಾಪಕ ಮಾಡಿದರು. ಆಗ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಗಂಡಸರ ಲೆಕ್ಕದಿಂದ ಬಿಟ್ಟಿದ್ದರು!

ನಮ್ಮ ಬದುಕಿನ ಪ್ರಶ್ನೆಗಳೇ ಬೇರೆ. ಅಹಮದಾಬಾದಿನ ಪೋಳುಗಳ ಕಡಿದಾದ ಮೆಟ್ಟಿಲು, ಸೂರತ್ತಿನ ವಜ್ರದ ಘಂಟಿಯ ಮುಂದೆ ದಿನವಿಡೀ ಕೂರುವ ಕೆಲಸ, ನೆಲದ ಮೇಲಿನ ಊಟ, ಕುಕ್ಕರುಗಾಲಿನ ಶೌಚ. ಜೈಪುರದಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರೂಪಿಸಿದ ಕೃತಕ ಕಾಲು ಗೆದ್ದದ್ದು ಅದನ್ನು ಹಾಕಿಕೊಂಡು ಕುಕ್ಕರಿಸಬಹುದು, ಬರಿಗಾಲಲ್ಲಿ ಗದ್ದೆಗಿಳಿಯಬಹುದು ಎಂಬ ಕಾರಣಕ್ಕೆ. ಹರಿಯಾಣದ ಬಲ್ಲಭಗಢದ ಓದುಬರಹ ಬಾರದ ಹಿರಿಯರಿಗೆಂದೇ ರೂಪಿಸಿದ ದಿನಚರಿಯ ಮಾಪಕ 1999ರಲ್ಲಿ ಪ್ರಕಟವಾಯಿತು. 2001ರ ಜನವರಿ 26ರ ಭೂಕಂಪದ ನಂತರ ಬೆನ್ನುಹುರಿಗೆ ಪೆಟ್ಟಾದ ಅನೇಕರು ಕಚ್ಛದಿಂದ ಅಹಮದಾಬಾದಿನ ಪ್ಯಾರಾಪ್ಲೀಜಿಯಾ ಆಸ್ಪತ್ರೆಗೆ ಬಂದರು. ಅಂಥವರಿಗೆ ಮೂಳೆ ಕೂಡಿತೆಂಬುದು ಅರ್ಧ ಉತ್ತರ. ಊರಿಗೆ ಹೋಗಿ ದಿನ ಕಳೆಯುವುದು ಹೇಗೆ ಎಂಬುದು ಉಳಿದರ್ಧ.

ಇನ್ನು ನನ್ನ 95ರ ಕತೆ. ಎರಡು ತಿಂಗಳಾದ ಮೇಲೆ ಹೆಂಡತಿ ಬಾಯಿಬಿಟ್ಟಳು. ನಾನು ಆಫೀಸಿಗೆ ಹೋದ ಮೇಲೆ ಅವ್ವನಿಗೆ ಸ್ನಾನ ಮಾಡಿಸುತ್ತಿದ್ದವಳು, ಸೀರೆ ಉಡಿಸುತ್ತಿದ್ದವಳು, ಶೌಚಕ್ಕೆ ಕೈ ಹಿಡಿದು ಕರೆದೊಯ್ಯುತ್ತಿದ್ದವಳು, ರೊಟ್ಟಿ ಮುರಿದು ಕೊಡುತ್ತಿದ್ದವಳು ಅವಳೇ. “ಅವಗ ಹೇಳಬ್ಯಾಡವಾ, ಮನಸ್ಸಿಗೆ ಹಚ್ಚಿಕೊಳ್ತಾನ” ಅಂದಿದ್ದಳಂತೆ ಅವ್ವ.

ಮತ್ತೆ ಆ ಹುಡುಗಿಯನ್ನು ಕರೆಸಿದೆವು. ಈ ಸಲ ಹೆಂಡತಿ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಅವ್ವನಿಗೇ ಕೇಳಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಐದು ಕಡೆ ಐದೈದು ಅಂಕ ಕಳೆದು 75 ಬಂತು. ವ್ಯಾಯಾಮ ಮತ್ತೆ ದಿನವೂ ಶುರುವಾಯಿತು. ಕಳೆದ ಎರಡು ತಿಂಗಳು ಮಾತ್ರ ತಿರುಗಿ ಬರಲಿಲ್ಲ.

ಹಾಳೆಯಲ್ಲಿ ತಪ್ಪಿರಲಿಲ್ಲ. ಪರಊರಿನಲ್ಲಿ ಅಪ್ಪ ಅವ್ವನ ಪರವಾಗಿ ಮಾತಾಡುವ ನನ್ನಂಥ ಮಕ್ಕಳು, “ಹೌದು” ಅನ್ನುವ ಮೊದಲು, ಅದನ್ನು ಕಣ್ಣಾರೆ ಕಂಡಿದ್ದೇನೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು.