ಡಾಟ್ ಕಾಮ್ ಗುಳ್ಳೆ ಒಡೆದ ಮೇಲೆ: ಟೆಕ್ ಕಂಪನಿಗಳು ದುಡ್ಡು ಮಾಡುವ ದಾರಿ ಕಂಡುಕೊಂಡಿದ್ದು ಹೇಗೆ?

2000ದ ಮಾರ್ಚ್ 10ರಂದು ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 5,048 ಅಂಕಗಳಲ್ಲಿ ದಿನದ ವಹಿವಾಟು ಮುಗಿಸಿತು. ಎರಡೂವರೆ ವರ್ಷದ ನಂತರ, 2002ರ ಅಕ್ಟೋಬರ್ 9ರಂದು, ಅದೇ ಸೂಚ್ಯಂಕ 1,114ಕ್ಕೆ ಬಂದು ನಿಂತಿತ್ತು. ಉತ್ತುಂಗದಲ್ಲಿ ನೂರು ರೂಪಾಯಿ ಹಾಕಿದ್ದವರ ಕೈಯಲ್ಲಿ ಉಳಿದದ್ದು ಸುಮಾರು 22 ರೂಪಾಯಿ. ಹಳೆಯ ಎತ್ತರವನ್ನು ಮತ್ತೆ ದಾಟಲು ನಾಸ್ಡಾಕ್ 2015ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಷೇರುಗಳು ನೆಲಕಚ್ಚಿದ ಈ ಅವಧಿಯಲ್ಲಿ ಇಂಟರ್ನೆಟ್ ಬಳಸುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಬಾಗಿಲು ಮುಚ್ಚಿದ ಕಂಪನಿಗಳ ಐಡಿಯಾಗಳೂ ಪೊಳ್ಳಾಗಿರಲಿಲ್ಲ. ಮನೆಬಾಗಿಲಿಗೆ ದಿನಸಿ, ಒಂದು ಗಂಟೆಯೊಳಗೆ ಐಸ್‌ಕ್ರೀಮ್, ಆನ್‌ಲೈನ್‌ನಲ್ಲಿ ನಾಯಿಯ ಆಹಾರ ಇವೆಲ್ಲ ಇಂದು ಮುಂಬೈ, ಹೈದರಾಬಾದ್‌ಗಳ ಅಪಾರ್ಟ್‌ಮೆಂಟ್‌ಗಳಲ್ಲಿ ನಿತ್ಯದ ಸಂಗತಿ. ಹಾಗಾದರೆ ಅಂದು ಬಿದ್ದಿದ್ದು ಏನು? ದುಡ್ಡು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಕಟ್ಟಿದ ಲೆಕ್ಕಾಚಾರ. ಉಳಿದುಕೊಂಡ ಕಂಪನಿಗಳ ಕಥೆ ಈ ಒಂದು ಪ್ರಶ್ನೆಗೆ ಅವು ಕಂಡುಕೊಂಡ ಉತ್ತರದ ಕಥೆ.

ಗುಳ್ಳೆ ಊದಿದ್ದು ಹೀಗೆ

ಇದರ ಆರಂಭವನ್ನು ಸಾಮಾನ್ಯವಾಗಿ 1995ರ ಆಗಸ್ಟ್ 9ರಿಂದ ಗುರುತಿಸುತ್ತಾರೆ. ಅಂದು ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಷೇರು ಮಾರುಕಟ್ಟೆಗೆ ಬಂತು. 28 ಡಾಲರ್‌ಗೆ ಹಂಚಿದ್ದ ಷೇರು ಸಂಜೆಯ ಹೊತ್ತಿಗೆ 58 ಡಾಲರ್ ದಾಟಿತ್ತು. ಕಂಪನಿ ಹುಟ್ಟಿ ಒಂದೂವರೆ ವರ್ಷವೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಕಂಪನಿಯ ಬೆಲೆ ಅಳೆಯುವ ಮಾನದಂಡವೇ ಬದಲಾಯಿತು. ಲಾಭ ಎಷ್ಟು ಎಂದು ಕೇಳುವ ಬದಲು ವೆಬ್‌ಸೈಟಿಗೆ ಎಷ್ಟು ಜನ ಬರುತ್ತಾರೆ ಎಂದು ಕೇಳತೊಡಗಿದರು. ಮೊದಲು ದೊಡ್ಡದಾಗಿ ಬೆಳೆಯಬೇಕು, ಲಾಭ ತಾನಾಗಿ ಹಿಂದೆ ಬರುತ್ತದೆ ಎಂಬುದು ಆಗಿನ ಮಂತ್ರ.

ಇದರಲ್ಲಿ ಇನ್ನೊಂದು ಸುಳಿಯೂ ಇತ್ತು. ಹೂಡಿಕೆದಾರರು ಹೊಸ ಕಂಪನಿಗಳಿಗೆ ಹಣ ಕೊಡುತ್ತಿದ್ದರು. ಆ ಕಂಪನಿಗಳು ಅದೇ ಹಣದಲ್ಲಿ ಯಾಹೂ ಥರದ ಪೋರ್ಟಲ್‌ಗಳಿಗೆ ಜಾಹೀರಾತು ಕೊಡುತ್ತಿದ್ದವು. ಯಾಹೂ ಆದಾಯ ಏರುತ್ತಿತ್ತು. ಅದನ್ನು ನೋಡಿ ಹೂಡಿಕೆದಾರರು ಇನ್ನಷ್ಟು ಹೊಸ ಕಂಪನಿಗಳಿಗೆ ಹಣ ಸುರಿಯುತ್ತಿದ್ದರು. ಒಬ್ಬರ ಜೇಬಿನ ದುಡ್ಡೇ ಊರೆಲ್ಲ ಸುತ್ತಿ ಎಲ್ಲರ ಲೆಕ್ಕದಲ್ಲೂ ಆದಾಯವಾಗಿ ಕಾಣುತ್ತಿತ್ತು. ಹೂಡಿಕೆ ನಿಂತ ಕೂಡಲೇ ಸುತ್ತು ನಿಂತಿತು. 2000ದಲ್ಲಿ ಸುಮಾರು 111 ಕೋಟಿ ಡಾಲರ್ ಇದ್ದ ಯಾಹೂ ಆದಾಯ ಮರುವರ್ಷ ಸುಮಾರು 72 ಕೋಟಿ ಡಾಲರ್‌ಗೆ ಇಳಿಯಿತು. ಅದರ ವೆಬ್‌ಸೈಟ್‌ಗಳಿಗೆ ಜನ ಬರುವುದು ನಿಂತಿರಲಿಲ್ಲ. ಜಾಹೀರಾತು ಕೊಡುತ್ತಿದ್ದ ಕಂಪನಿಗಳೇ ಇಲ್ಲವಾಗಿದ್ದವು.

ಒಂದೊಂದು ಆರ್ಡರ್‌ಗೂ ನಷ್ಟ

ನಾಯಿ, ಬೆಕ್ಕುಗಳ ಆಹಾರ ಮಾರುತ್ತಿದ್ದ ಪೆಟ್ಸ್ ಡಾಟ್ ಕಾಮ್ ಈ ಕಾಲದ ಅತಿ ಪ್ರಸಿದ್ಧ ಸೋಲು. 1999ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಅದರ ಮಾರಾಟ 6.19 ಲಕ್ಷ ಡಾಲರ್. ಅದೇ ಅವಧಿಯ ಜಾಹೀರಾತು ಖರ್ಚು 1.18 ಕೋಟಿ ಡಾಲರ್. 2000ದ ಫೆಬ್ರವರಿಯಲ್ಲಿ ಷೇರು ಮಾರುಕಟ್ಟೆಯಿಂದ ಸುಮಾರು 8.25 ಕೋಟಿ ಡಾಲರ್ ಎತ್ತಿದ ಕಂಪನಿ ಅದೇ ನವೆಂಬರ್‌ನಲ್ಲಿ ಅಂಗಡಿ ಮುಚ್ಚುವುದಾಗಿ ಘೋಷಿಸಿತು. ಇದರ ಸೋಲಿಗೆ ಜಾಹೀರಾತಿನ ಅಬ್ಬರವನ್ನಷ್ಟೇ ದೂರುವುದುಂಟು. ಮೂಲ ತೊಂದರೆ ಇನ್ನೂ ಸರಳ: ನಾಯಿಯ ಆಹಾರದ ಚೀಲ ಭಾರವಾದದ್ದು, ಅದರಲ್ಲಿ ಸಿಗುವ ಲಾಭ ಕಡಿಮೆ. ರಿಯಾಯಿತಿ ಕೊಟ್ಟು, ಸಾಗಣೆ ವೆಚ್ಚವನ್ನೂ ತಾನೇ ಹೊತ್ತರೆ ಪ್ರತಿ ಚೀಲಕ್ಕೂ ಕೈಯಿಂದ ದುಡ್ಡು ಹೋಗುತ್ತದೆ. ಇಂಥ ವ್ಯಾಪಾರದಲ್ಲಿ ಗಿರಾಕಿ ಹೆಚ್ಚಾದಷ್ಟೂ ನಷ್ಟವೇ ಹೆಚ್ಚು.

ವೆಬ್‌ವ್ಯಾನ್ ತಪ್ಪು ಬೇರೆ ಬಗೆಯದು. ಮನೆಗೆ ದಿನಸಿ ತಲುಪಿಸುವ ಈ ಕಂಪನಿ 1999ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ತನ್ನ ಮೊದಲ ಯಾಂತ್ರೀಕೃತ ಗೋದಾಮು ತೆರೆಯಿತು. ಅದು ಲಾಭ ತರುತ್ತದೋ ಇಲ್ಲವೋ ತಿಳಿಯುವ ಮುನ್ನವೇ, ಮರುತಿಂಗಳು, ಅಂಥದೇ ಗೋದಾಮುಗಳನ್ನು ದೇಶದ ತುಂಬ ಕಟ್ಟಲು ಬೆಕ್ಟೆಲ್ ಕಂಪನಿಯೊಂದಿಗೆ ಸುಮಾರು 100 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಕನ್ವೇಯರ್ ಬೆಲ್ಟ್, ಶೀತಲ ಕೋಣೆ, ಟ್ರಕ್‌ಗಳ ಖರ್ಚು ಆರ್ಡರ್ ಬಂದರೂ ಬರದಿದ್ದರೂ ತಪ್ಪದು. ದಿನಸಿ ವ್ಯಾಪಾರವೋ ಮೊದಲೇ ಪುಡಿಲಾಭದ್ದು. ನವೆಂಬರ್‌ನಲ್ಲಿ ಐಪಿಒ ಮೂಲಕ ಬಂದ 37.5 ಕೋಟಿ ಡಾಲರ್ ಕೂಡ ಆ ಹಸಿವಿಗೆ ಸಾಲಲಿಲ್ಲ. 2001ರ ಜುಲೈನಲ್ಲಿ ವೆಬ್‌ವ್ಯಾನ್ ದಿವಾಳಿಯಾದಾಗ ಸುಮಾರು 2,000 ಮಂದಿ ಕೆಲಸ ಕಳೆದುಕೊಂಡರು.

ಅಮೆಜಾನ್: ಗಿರಾಕಿಯಿಂದ ನಗದು, ಸರಬರಾಜುದಾರರಿಗೆ ಸಾಲ

ಅಮೆಜಾನ್ ಕೂಡ ಆಗ ನಷ್ಟದಲ್ಲಿಯೇ ಇತ್ತು. 1999ರ ಡಿಸೆಂಬರ್‌ನಲ್ಲಿ 100 ಡಾಲರ್ ದಾಟಿದ್ದ ಅದರ ಷೇರು 2001ರ ಸೆಪ್ಟೆಂಬರ್ ಹೊತ್ತಿಗೆ 6 ಡಾಲರ್ ಆಸುಪಾಸಿಗೆ ಬಿದ್ದಿತ್ತು. ಕಂಪನಿಯ ಬಳಿ ನಗದು ಮುಗಿಯಬಹುದು ಎಂದು 2000ದ ಜೂನ್‌ನಲ್ಲೇ ಲೇಮನ್ ಬ್ರದರ್ಸ್‌ನ ವಿಶ್ಲೇಷಕ ರವಿ ಸೂರಿಯಾ ಎಚ್ಚರಿಸಿದ್ದರು.

ಆದರೂ ಅದು ಬದುಕಿತು. ಒಂದು ಕಾರಣ ಅದೃಷ್ಟ ಎನ್ನಲೇಬೇಕು. ಮಾರುಕಟ್ಟೆ ಕುಸಿಯುವುದಕ್ಕೆ ಸುಮಾರು ಒಂದು ತಿಂಗಳ ಮೊದಲು, 2000ದ ಫೆಬ್ರವರಿಯಲ್ಲಿ, ಅಮೆಜಾನ್ ಯುರೋಪಿನಲ್ಲಿ ಬಾಂಡ್ ಮಾರಿ 69 ಕೋಟಿ ಯೂರೋ ಸಂಗ್ರಹಿಸಿತ್ತು. ಅದೇ ಬಾಂಡನ್ನು ಬೇಸಿಗೆಯಲ್ಲಿ ಮಾರಲು ಹೊರಟಿದ್ದರೆ ಕೊಳ್ಳುವವರು ಸಿಗುತ್ತಿದ್ದರೇ ಎಂಬುದು ಅನುಮಾನ.

ಎರಡನೆಯ ಕಾರಣ ವ್ಯಾಪಾರದ ರಚನೆಯಲ್ಲೇ ಇತ್ತು. ಗಿರಾಕಿ ಪುಸ್ತಕ ಕೊಂಡಾಗ ಕಾರ್ಡ್‌ನಿಂದ ಹಣ ತಕ್ಷಣ ಬರುತ್ತದೆ. ಪ್ರಕಾಶಕರಿಗೆ ಅಮೆಜಾನ್ ಹಣ ಕೊಡುವುದು ವಾರಗಳ ನಂತರ. ನಡುವಿನ ದಿನಗಳಲ್ಲಿ ಆ ಹಣ ಅಮೆಜಾನ್ ಕೈಯಲ್ಲೇ ಓಡಾಡುತ್ತದೆ. ಗಿರಾಕಿಗೆ ಉದ್ರಿ ಕೊಟ್ಟು ತಿಂಗಳ ಕೊನೆಗೆ ವಸೂಲಿ ಮಾಡುವ ನಮ್ಮ ಕಿರಾಣಿ ಅಂಗಡಿಗೆ ಇದು ಪೂರ್ತಿ ತಿರುಗುಮುರುಗು.

ಮೂರನೆಯದು ಬದಲಾಗುವ ಮನಸ್ಸು. 2000ದ ನವೆಂಬರ್‌ನಲ್ಲಿ ಅಮೆಜಾನ್ ತನ್ನ ವೆಬ್‌ಸೈಟಿನಲ್ಲಿ ಬೇರೆ ವ್ಯಾಪಾರಿಗಳೂ ಮಾರಲು ಮಾರ್ಕೆಟ್‌ಪ್ಲೇಸ್ ತೆರೆದು ಕಮಿಷನ್ ಪಡೆಯತೊಡಗಿತು. ದಾಸ್ತಾನಿನ ಭಾರ ವ್ಯಾಪಾರಿಯದು, ಕಮಿಷನ್ ಅಮೆಜಾನ್‌ದು. 2001ರ ಜನವರಿಯಲ್ಲಿ 1,300 ನೌಕರರನ್ನು ತೆಗೆದುಹಾಕಿತು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಲಾಭ ತೋರಿಸಿತು. ಷೇರಿಗೆ ಒಂದು ಸೆಂಟ್, ಒಟ್ಟು 50 ಲಕ್ಷ ಡಾಲರ್. ಮುಂದೆ 2005ರಲ್ಲಿ ಪ್ರೈಮ್ ಚಂದಾ ಬಂತು, 2006ರಲ್ಲಿ ತನ್ನ ಕಂಪ್ಯೂಟರ್ ಸಾಮರ್ಥ್ಯವನ್ನೇ ಬಾಡಿಗೆಗೆ ಕೊಡುವ ವೆಬ್ ಸರ್ವಿಸಸ್ ಬಂತು. ಈ ಬಾಡಿಗೆಯಿಂದ ಹೊಸ ಕಂಪನಿ ಕಟ್ಟುವ ಖರ್ಚು ದಿಢೀರನೆ ಇಳಿಯಿತು. ಸರ್ವರ್ ಕೊಳ್ಳಲು ಲಕ್ಷಾಂತರ ಡಾಲರ್ ಹೊಂದಿಸಬೇಕಿದ್ದವರು ಬಳಸಿದಷ್ಟಕ್ಕೆ ಬಿಲ್ ಕಟ್ಟಿದರೆ ಸಾಕಾಯಿತು.

ಗೂಗಲ್: ಪದಗಳ ಹರಾಜು

1998ರಲ್ಲಿ ಹುಟ್ಟಿದ ಗೂಗಲ್‌ಗೆ ಒಳ್ಳೆಯ ಸರ್ಚ್ ಎಂಜಿನ್ ಇತ್ತು, ಆದಾಯ ಇರಲಿಲ್ಲ. ದಾರಿ ತೋರಿಸಿದ್ದು ಇನ್ನೊಂದು ಕಂಪನಿ. ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ 1998ರಲ್ಲೇ ಹುಡುಕುವ ಪದಗಳನ್ನು ಹರಾಜಿಗೆ ಇಟ್ಟಿತ್ತು. ಯಾರು ಹೆಚ್ಚು ಹಣ ಕೂಗುತ್ತಾರೋ ಅವರ ಲಿಂಕ್ ಮೇಲೆ. ಬಳಕೆದಾರ ಅದನ್ನು ಕ್ಲಿಕ್ ಮಾಡಿದರೆ ಮಾತ್ರ ಹಣ. ಜಾಹೀರಾತುದಾರರಿಗೆ ಇದು ಹೊಸ ಅನುಭವ. ಪತ್ರಿಕೆ, ಟಿವಿಗಳಲ್ಲಿ ಹಾಕಿದ ದುಡ್ಡಿನಲ್ಲಿ ಎಷ್ಟು ಕೆಲಸ ಮಾಡಿತೆಂದು ತಿಳಿಯುತ್ತಿರಲಿಲ್ಲ, ಇಲ್ಲಿ ಪೈಸೆ ಪೈಸೆಗೂ ಲೆಕ್ಕ.

ಗೂಗಲ್ 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಆರಂಭಿಸಿದಾಗ ಎಷ್ಟು ಬಾರಿ ಜಾಹೀರಾತು ಕಾಣಿಸಿತು ಎಂಬುದರ ಮೇಲೆ ಹಣ ಪಡೆಯುತ್ತಿತ್ತು. 2002ರ ಫೆಬ್ರವರಿಯಲ್ಲಿ ಕ್ಲಿಕ್ ಹರಾಜಿಗೆ ಬದಲಾಯಿತು. ಆದರೆ ಒಂದು ತಿದ್ದುಪಡಿಯೊಂದಿಗೆ. ಉದಾಹರಣೆಗೆ, ಒಬ್ಬ ಜಾಹೀರಾತುದಾರ ಕ್ಲಿಕ್‌ಗೆ 10 ರೂಪಾಯಿ ಕೂಗುತ್ತಾನೆ, ನೋಡಿದ ನೂರು ಜನರಲ್ಲಿ ಒಬ್ಬರು ಕ್ಲಿಕ್ ಮಾಡುತ್ತಾರೆ. ಇನ್ನೊಬ್ಬ ಕೂಗುವುದು 4 ರೂಪಾಯಿ, ಆದರೆ ನೂರರಲ್ಲಿ ಐವರು ಕ್ಲಿಕ್ ಮಾಡುತ್ತಾರೆ. ಗೋಟು ಪದ್ಧತಿಯಲ್ಲಿ ಮೊದಲನೆಯವನಿಗೆ ಮೇಲಿನ ಜಾಗ. ಗೂಗಲ್‌ನಲ್ಲಿ ಎರಡನೆಯವನಿಗೆ, ಏಕೆಂದರೆ ಅವನಿಂದ ಬರುವುದು 20 ರೂಪಾಯಿ, ಮೊದಲನೆಯವನಿಂದ 10. ಜನರಿಗೆ ಬೇಕಾದ ಜಾಹೀರಾತೇ ಮೇಲೆ ಬರುವುದರಿಂದ ಬಳಕೆದಾರರಿಗೂ ಕಿರಿಕಿರಿ ಕಡಿಮೆ.

ಫಲಿತಾಂಶ ಅಂಕಿಗಳಲ್ಲಿದೆ. 2001ರಲ್ಲಿ ಸುಮಾರು 8.6 ಕೋಟಿ ಡಾಲರ್ ಇದ್ದ ಗೂಗಲ್ ಆದಾಯ 2003ರಲ್ಲಿ ಸುಮಾರು 147 ಕೋಟಿ ಡಾಲರ್ ಆಯಿತು. ಇಡೀ ಟೆಕ್ ಜಗತ್ತು ಮಂಕಾಗಿದ್ದ ವರ್ಷಗಳಿವು. ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿದ್ದ ಗೋಟು, ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಿತು. ಆ ಕಂಪನಿಯನ್ನು 2003ರಲ್ಲಿ ಯಾಹೂ ಸುಮಾರು 160 ಕೋಟಿ ಡಾಲರ್‌ಗೆ ಕೊಂಡಿತು. 2004ರ ಆಗಸ್ಟ್‌ನಲ್ಲಿ ಗೂಗಲ್ ತನ್ನ 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ವಿವಾದ ಮುಗಿಸಿತು. ಅದೇ ತಿಂಗಳ 19ರಂದು 85 ಡಾಲರ್ ಬೆಲೆಯಲ್ಲಿ ಗೂಗಲ್ ಷೇರು ಮಾರುಕಟ್ಟೆಗೆ ಬಂತು.

ಈ ಮಾದರಿಯ ಬೆಲೆ ತೆತ್ತವರೂ ಇದ್ದಾರೆ. ಬಳಕೆದಾರನಿಗೆ ಸೇವೆ ಉಚಿತ, ಹಣ ಕೊಡುವವನು ಜಾಹೀರಾತುದಾರ. ಹೀಗಾಗಿ ಬಳಕೆದಾರನ ಬಗ್ಗೆ ಹೆಚ್ಚು ಹೆಚ್ಚು ತಿಳಿದುಕೊಳ್ಳುವುದೇ ಕಂಪನಿಯ ಬಂಡವಾಳವಾಯಿತು. ಫೇಸ್‌ಬುಕ್ ನಡೆದದ್ದೂ ಇದೇ ಹಾದಿಯಲ್ಲಿ. ಸರ್ಚ್ ಕ್ಷೇತ್ರದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯ ತೀರ್ಪು ನೀಡಿತು.

ಕಮಿಷನ್ ಮತ್ತು ಚಂದಾ

ಎಲ್ಲರೂ ಜಾಹೀರಾತನ್ನೇ ನೆಚ್ಚಿಕೊಳ್ಳಲಿಲ್ಲ. ಇಬೇ ಗೋದಾಮನ್ನೇ ಇಟ್ಟುಕೊಳ್ಳದೆ, ಜನ ಜನರಿಗೆ ಮಾರಿದ ವಸ್ತುವಿನ ಮೇಲೆ ಕಮಿಷನ್ ಪಡೆದು ಕುಸಿತದ ನಡುವೆಯೂ ಲಾಭದಲ್ಲಿತ್ತು. 1999ರಲ್ಲಿ ಶುರುವಾದ ಸೇಲ್ಸ್‌ಫೋರ್ಸ್ ಕಂಪನಿಗಳಿಗೆ ಸಾಫ್ಟ್‌ವೇರನ್ನು ಮಾರದೆ ತಿಂಗಳ ಚಂದಾಕ್ಕೆ ಕೊಟ್ಟಿತು. ಒಮ್ಮೆಗೇ ದೊಡ್ಡ ಮೊತ್ತ ಸಿಗದಿದ್ದರೂ ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂಬ ಅಂದಾಜು ಸಿಗುತ್ತದೆ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಕೂಡ ಚಂದಾದ ಬಲದಿಂದಲೇ 2002ರಲ್ಲಿ, ಅಂದರೆ ಕುಸಿತದ ನಟ್ಟನಡುವೆ, ಐಪಿಒ ಮಾಡಲು ಸಾಧ್ಯವಾಯಿತು.

ಭಾರತದಲ್ಲಿ ಏನಾಯಿತು?

ಗುಳ್ಳೆಯ ಗಾಳಿ ಇಲ್ಲಿಗೂ ಬೀಸಿತ್ತು. 1999ರ ನವೆಂಬರ್‌ನಲ್ಲಿ ಚೆನ್ನೈನ ಸತ್ಯಂ ಇನ್ಫೋವೇ ಕಂಪನಿಯು ಮುಂಬೈನ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಪೋರ್ಟಲ್‌ಗಳನ್ನು 499 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಾಗ ಇಡೀ ದೇಶ ಹುಬ್ಬೇರಿಸಿತ್ತು.

ಉಳಿದವರಲ್ಲಿ ನೌಕರಿ ಡಾಟ್ ಕಾಮ್ ಮುಖ್ಯ. ಸಂಜೀವ್ ಬಿಖ್‌ಚಂದಾನಿ 1997ರಲ್ಲಿ ಆರಂಭಿಸಿದ ಈ ತಾಣದಲ್ಲಿ ಕೆಲಸ ಹುಡುಕುವವರಿಗೆ ಸೇವೆ ಉಚಿತ, ಅಭ್ಯರ್ಥಿಗಳನ್ನು ಹುಡುಕುವ ಕಂಪನಿಗಳು ಹಣ ಕಟ್ಟಬೇಕು. ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಮೊದಲ ದಿನಗಳಿಂದಲೇ ಉತ್ತರವಿತ್ತು. 2000ದಲ್ಲಿ ಐಸಿಐಸಿಐನಿಂದ ಸುಮಾರು 7.3 ಕೋಟಿ ರೂಪಾಯಿ ಬಂಡವಾಳ ಬಂದು ಕಷ್ಟಕಾಲ ದಾಟಿಸಿತು. ಅದರ ಮಾತೃಸಂಸ್ಥೆ ಇನ್ಫೋ ಎಡ್ಜ್ 2006ರಲ್ಲಿ ಭಾರತದ ಷೇರುಪೇಟೆ ಪ್ರವೇಶಿಸಿತು.

ಬೆಂಗಳೂರಿನ ಫ್ಯಾಬ್‌ಮಾರ್ಟ್ ಕಥೆ ಇನ್ನೂ ಕುತೂಹಲದ್ದು. 1999ರಲ್ಲಿ ಆನ್‌ಲೈನ್ ಅಂಗಡಿಯಾಗಿ ಶುರುವಾದ ಅದಕ್ಕೆ ಗಿರಾಕಿಗಳಿಗಿಂತ ಮೊದಲು ಇಂಟರ್ನೆಟ್ ಸಂಪರ್ಕದ ಕೊರತೆ ಎದುರಾಯಿತು. ಹೀಗಾಗಿ ಅದು ಹಿಂದಕ್ಕೆ ಹೆಜ್ಜೆ ಇಟ್ಟು ಫ್ಯಾಬ್‌ಮಾಲ್ ಹೆಸರಿನಲ್ಲಿ ಬೀದಿಯ ಮೇಲೆಯೇ ದಿನಸಿ ಮಳಿಗೆ ತೆರೆಯಿತು. ಆ ಮಳಿಗೆಗಳು ಕೊನೆಗೆ ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಹರಿ ಮೆನನ್ ಸೇರಿದಂತೆ ಅದೇ ತಂಡದ ಕೆಲವರು 2011ರಲ್ಲಿ ಮತ್ತೆ ಆನ್‌ಲೈನ್ ದಿನಸಿಗೆ ಮರಳಿ ಬಿಗ್‌ಬ್ಯಾಸ್ಕೆಟ್ ಕಟ್ಟಿದರು.

ಕುಸಿತದಿಂದ ಭಾರತಕ್ಕೆ ಆದ ದೊಡ್ಡ ಲಾಭ ಮಾತ್ರ ಸಮುದ್ರದ ತಳದಲ್ಲಿತ್ತು. ಗುಳ್ಳೆಯ ಕಾಲದಲ್ಲಿ ಕಂಪನಿಗಳು ಸಾಲ ಮಾಡಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಆಪ್ಟಿಕಲ್ ಫೈಬರ್ ಕೇಬಲ್ ಹಾಕಿದ್ದವು. ಅವು ದಿವಾಳಿಯಾದರೂ ಕೇಬಲ್ ಅಲ್ಲೇ ಉಳಿಯಿತು. ಟೈಕೋ ಕಂಪನಿ 200 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಹಾಕಿದ ಸುಮಾರು 60,000 ಕಿ.ಮೀ. ಜಾಲವನ್ನು ಟಾಟಾ ಸಮೂಹದ ವಿಎಸ್‌ಎನ್‌ಎಲ್ 2004ರಲ್ಲಿ 13 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಫ್ಲಾಗ್ ಟೆಲಿಕಾಂ ಜಾಲ ರಿಲಯನ್ಸ್ ಕೈಸೇರಿತು. ಅಂತರರಾಷ್ಟ್ರೀಯ ಸಂಪರ್ಕ ಅಗ್ಗವಾದದ್ದರಿಂದ ಬೆಂಗಳೂರು, ಪುಣೆ, ಗುರುಗ್ರಾಮಗಳಲ್ಲಿ ಕುಳಿತು ಅಮೆರಿಕದ ಗ್ರಾಹಕರ ಕರೆ ಸ್ವೀಕರಿಸುವುದು, ಅಲ್ಲಿನ ಕಂಪನಿಗಳ ಲೆಕ್ಕಪತ್ರ ನೋಡುವುದು ಗಿಟ್ಟುವ ಕೆಲಸವಾಯಿತು. ಅಮೆರಿಕದ ಹೂಡಿಕೆದಾರರು ಕಳೆದುಕೊಂಡ ಹಣದ ಒಂದು ಪಾಲು ಹೀಗೆ ಇಲ್ಲಿನ ಯುವಕ ಯುವತಿಯರ ಸಂಬಳವಾಗಿ ಬಂತು ಎಂದರೆ ತಪ್ಪಾಗದು.

ಹಳೆಯ ಐಡಿಯಾ, ಹೊಸ ಬಿಲ್

ನ್ಯೂಯಾರ್ಕ್‌ನಲ್ಲಿ 1998ರಲ್ಲಿ ಶುರುವಾದ ಕೋಝ್ಮೋ ಒಂದು ಗಂಟೆಯೊಳಗೆ ಸಿನಿಮಾ ಟೇಪ್, ತಿಂಡಿ, ಐಸ್‌ಕ್ರೀಮ್ ತಲುಪಿಸುತ್ತಿತ್ತು, ಅದೂ ಡೆಲಿವರಿ ಶುಲ್ಕವಿಲ್ಲದೆ. ಒಂದು ಚಾಕೊಲೇಟ್‌ಗೂ ಸೈಕಲ್ ಸವಾರ ಓಡಬೇಕಿತ್ತು. 2001ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಇಂದು ಬ್ಲಿಂಕಿಟ್, ಝೆಪ್ಟೊ ಥರದ ಆಪ್‌ಗಳು ಅದಕ್ಕಿಂತ ವೇಗವಾಗಿ ಅದೇ ಕೆಲಸ ಮಾಡುತ್ತಿವೆ. ಸಣ್ಣ ಆರ್ಡರ್‌ನ ಬಿಲ್ ಬಿಡಿಸಿ ನೋಡಿದರೆ ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕಗಳ ಸಾಲು ಕಾಣುತ್ತದೆ. ಬಿಲ್‌ನಲ್ಲಿ ಕಾಣದ ಆದಾಯವೂ ಇದೆ: ಆಪ್‌ನಲ್ಲಿ ಬಿಸ್ಕತ್ ಎಂದು ಹುಡುಕಿದಾಗ ಮೊದಲು ಬರುವ ಪೊಟ್ಟಣಕ್ಕೆ ಆ ಜಾಗ ಸಿಗಲು ಅನೇಕ ಸಲ ಅದರ ಕಂಪನಿ ಹಣ ಕೊಟ್ಟಿರುತ್ತದೆ. 1998ರಲ್ಲಿ ಗೋಟು ಶುರುಮಾಡಿದ ವ್ಯಾಪಾರವೇ ಇದು, ಈಗ ಕಿರಾಣಿಯ ಕಪಾಟಿಗೆ ಬಂದಿದೆ.