'ಆಯ್ತಾ?' 'ಆಯ್ತು!' - ಚೆಕ್‌ಲಿಸ್ಟಿನ ಕಥೆ

ನಮ್ಮ ತಂಡದ ಕೆಲಸದ ಪಟ್ಟಿಯನ್ನು ಆನ್‌ಲೈನಿಗೆ ಹಾಕಿ ಕೆಲವು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಜೆ ನೋಡಿದರೆ ಎಲ್ಲ ಚೌಕಗಳಲ್ಲೂ ಟಿಕ್! ಖುಷಿಯಾಗಿ ಮನೆಗೆ ಹೋದೆವು. ಸೋಮವಾರ ಗೊತ್ತಾಯಿತು... 'ಬ್ಯಾಕಪ್ ಪರೀಕ್ಷೆ' ಅನ್ನುವ ಸಾಲಿಗೆ ಟಿಕ್ ಹಾಕಿದವರು ಬ್ಯಾಕಪ್ ತೆಗೆದಿದ್ದರು ಅಷ್ಟೆ, ಅದು ತೆರೆಯುತ್ತದೋ ಇಲ್ಲವೋ ಅಂತ ನೋಡಿರಲಿಲ್ಲ. ಸುಳ್ಳು ಹೇಳಿದವರು ಯಾರೂ ಇಲ್ಲ. ಆ ಕಿರಿಕಿರಿಯಲ್ಲೇ ಈ ಚೆಕ್‌ಲಿಸ್ಟ್ ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿ ಓದಲು ಕೂತೆ.

ಪಟ್ಟಿ ಬರೆದಿಡುವುದು ಹಳೇ ಅಭ್ಯಾಸ. ಆದರೆ ತಂಡವೊಂದು ಸೇರಿ ಪಾಲಿಸುವ ಚೆಕ್‌ಲಿಸ್ಟಿನ ಮಾತು ಬಂದರೆ ಎಲ್ಲರೂ ಹೋಗಿ ನಿಲ್ಲುವುದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡಿನಲ್ಲಿ. 1935ರ ಅಕ್ಟೋಬರ್ 30. ಬೋಯಿಂಗ್ ಕಂಪನಿಯ ಮಾಡೆಲ್ 299, ನಾಲ್ಕು ಎಂಜಿನ್ನಿನ ಹೊಸ ಬಾಂಬರ್, ಸೇನೆಯ ಪರೀಕ್ಷೆಗೆ ನಿಂತಿತ್ತು. ಪೈಲಟ್ ಸೀಟಿನಲ್ಲಿ ಮೇಜರ್ ಪ್ಲಾಯರ್ ಹಿಲ್, ಚೆನ್ನಾಗಿ ಪಳಗಿದ ಕೈ. ಬೋಯಿಂಗಿನ ಪರೀಕ್ಷಾ ಪೈಲಟ್ ಲೆಸ್ಲಿ ಟವರ್ ಕೂಡ ಒಳಗಿದ್ದರು. ವಿಮಾನ ನೆಲ ಬಿಟ್ಟದ್ದೇ ತೀರಾ ಕಡಿದಾಗಿ ಮೇಲೇರಿತು, ವೇಗ ಕಳೆದುಕೊಂಡು ಕೆಳಗೆ ಬಿತ್ತು, ಹೊತ್ತಿ ಉರಿಯಿತು. ಹಿಲ್ ಉಳಿಯಲಿಲ್ಲ, ಆಮೇಲೆ ಟವರ್ ಕೂಡ ತೀರಿಕೊಂಡರು.

ಎಂಜಿನ್ ಕೆಟ್ಟಿರಲಿಲ್ಲ. ನಿಂತ ವಿಮಾನದ ಬಾಲದ ಪಟ್ಟಿಗಳು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಅವನ್ನು ಬಿಗಿದಿಡುವ ಒಂದು ಬೀಗ ಇರುತ್ತದೆ. ಹಾರುವ ಮುಂಚೆ ಅದನ್ನು ತೆಗೆಯಲು ಮರೆತಿದ್ದರು. ಇಷ್ಟೇ!

ಸೇನೆ ದೊಡ್ಡ ಆರ್ಡರನ್ನು ಡಗ್ಲಸ್ ಕಂಪನಿಗೆ ಕೊಟ್ಟಿತು. ಆದರೂ ಪರೀಕ್ಷೆಯ ಹೆಸರಿನಲ್ಲಿ ಬೋಯಿಂಗಿನಿಂದ 13 ವಿಮಾನ ತರಿಸಿಕೊಂಡಿತು. ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು 'ಪೈಲಟ್ಟುಗಳಿಗೆ ಇನ್ನಷ್ಟು ತರಬೇತಿ ಕೊಡಿ' ಅನ್ನೋದೇ ತಾನೆ? ಆದರೆ ಹಿಲ್‌ಗಿಂತ ಹೆಚ್ಚು ತರಬೇತಿ ಆದವರು ಎಲ್ಲಿದ್ದರು? ಹಾಗಾಗಿ ಹಾರುವ ಮುಂಚೆ, ಇಳಿಯುವ ಮುಂಚೆ ನೋಡಬೇಕಾದ್ದನ್ನೆಲ್ಲ ಚಿಕ್ಕ ಚಿಕ್ಕ ಸಾಲುಗಳಲ್ಲಿ ಬರೆದಿಟ್ಟುಕೊಂಡರು. ಅದೇ ವಿಮಾನ ಮುಂದೆ ಬಿ-17 ಆಗಿ 12 ಸಾವಿರಕ್ಕೂ ಹೆಚ್ಚು ತಯಾರಾಯಿತು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗೆ ರುಚಿಸಿದ್ದು ಆಮೇಲಿನದು. ಇಬ್ಬರು ಪೈಲಟ್ಟುಗಳ ಕಾಕ್‌ಪಿಟ್ಟಿನಲ್ಲಿ ಈ ಪಟ್ಟಿ ಸಂಭಾಷಣೆಯಾಯಿತು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಿ ಉತ್ತರ ಹೇಳಬೇಕು. ನಮ್ಮ ಮದುವೆ ಮನೆಯಲ್ಲಿ ಉಗ್ರಾಣದ ಬಾಗಿಲಲ್ಲಿ ಕೂತ ದೊಡ್ಡಪ್ಪ 'ತೆಂಗಿನಕಾಯಿ?' ಅಂತ ಕೂಗಿ, ಒಳಗಿನವರು 'ಇನ್ನೂರು, ಎಣಿಸಿದೆ' ಅನ್ನುವುದಿಲ್ಲವೇ? ಅದೇ :-)

ಹೀಗಿದ್ದೂ 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ 255ನೇ ವಿಮಾನ ಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಜನ ಸತ್ತರು. ವಿಮಾನದಲ್ಲಿದ್ದವರಲ್ಲಿ ಬದುಕಿದ್ದು ನಾಲ್ಕು ವರ್ಷದ ಒಂದು ಮಗು ಮಾತ್ರ. ಏರುವಾಗ ರೆಕ್ಕೆಯ ಫ್ಲ್ಯಾಪುಗಳನ್ನು ಚಾಚಿರಲಿಲ್ಲ, ಅದನ್ನು ನೆನಪಿಸುವ ಚೆಕ್‌ಲಿಸ್ಟನ್ನು ಓದಿರಲಿಲ್ಲ, ಎಚ್ಚರಿಸಬೇಕಿದ್ದ ಯಂತ್ರಕ್ಕೆ ವಿದ್ಯುತ್ ಹೋಗುತ್ತಿರಲಿಲ್ಲ.

ಇಂಥ ಅಪಘಾತಗಳ ನಂತರ ಅಸಫ್ ದೆಗಾನಿ ಮತ್ತು ಅರ್ಲ್ ವೀನರ್ ನಾಸಾಗಾಗಿ ಚೆಕ್‌ಲಿಸ್ಟುಗಳನ್ನೇ ಅಧ್ಯಯನ ಮಾಡಿ 1990ರಲ್ಲಿ ವರದಿ ಕೊಟ್ಟರು. ಅದರ ಒಂದು ಸಲಹೆ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಉತ್ತರವಾಗಿ 'ನೋಡಿದೆ', 'ಆಯ್ತು' ಅನ್ನಬೇಡಿ, ಅಲ್ಲಿ ಕಾಣುವ ಸ್ಥಿತಿಯನ್ನೇ ಹೇಳಿ, ಅಂಕಿ ಇದ್ದರೆ ಅಂಕಿಯನ್ನೇ ಹೇಳಿ ಅನ್ನುವುದು. 'ಆಯ್ತು' ಅನ್ನಲು ಕಣ್ಣೆತ್ತಿ ನೋಡಬೇಕಾಗಿಲ್ಲವಲ್ಲ! ನಮ್ಮ ಟಿಕ್ ಗುರುತು ಅಂದರೆ 'ಆಯ್ತು' ಅನ್ನುವುದರ ಚಿತ್ರ ತಾನೆ?

ಆಸ್ಪತ್ರೆಗಳ ಕಥೆಯೂ ಹೀಗೇ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ 19 ಸಾಲಿನ ಶಸ್ತ್ರಚಿಕಿತ್ಸಾ ಪಟ್ಟಿ ಬಳಸಿದ ಎಂಟು ನಗರಗಳ ಆಸ್ಪತ್ರೆಗಳಲ್ಲಿ (ದೆಹಲಿಯೂ ಒಂದು) ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಆ ಪಟ್ಟಿಯ ಒಂದು ಸಾಲು, ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅನ್ನುವುದು. ಕೆನಡಾದ ಒಂಟಾರಿಯೊದಲ್ಲಿ ಇದನ್ನೇ ಕಡ್ಡಾಯ ಮಾಡಿ 101 ಆಸ್ಪತ್ರೆಗಳನ್ನು ನೋಡಿದಾಗ (2014ರ ವರದಿ) ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಪಾಲಿಸಿದ್ದೇವೆ ಅಂತ ಹೆಚ್ಚುಕಮ್ಮಿ ಎಲ್ಲರೂ ಬರೆದುಕೊಟ್ಟಿದ್ದರು!

ನಮ್ಮ ಕರ್ನಾಟಕವೂ ಇದರಲ್ಲಿದೆ. ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟನ್ನು 2010ರಲ್ಲಿ ಇಲ್ಲಿನ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗ ಮಾಡಿದರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದದ್ದು 25ಕ್ಕೆ ಏರಿತು. ಆಮೇಲೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಪಟ್ಟಿಯ ಜೊತೆಗೆ, ಬಂದು ಪಕ್ಕದಲ್ಲಿ ನಿಂತು ಹೇಳಿಕೊಡುವ ತರಬೇತುದಾರರನ್ನೂ ಎಂಟು ತಿಂಗಳು ಕೊಟ್ಟಿದ್ದರು. ಎರಡನೇ ತಿಂಗಳಲ್ಲಿ ಆಗಬೇಕಾದ ಕೆಲಸಗಳಲ್ಲಿ ಶೇ. 73ರಷ್ಟು ಆಗುತ್ತಿತ್ತು. ತರಬೇತುದಾರರು ಹೋದ ಮೇಲೆ, ಹನ್ನೆರಡನೇ ತಿಂಗಳಿಗೆ ಅದು ಶೇ. 62ಕ್ಕೆ ಜಾರಿತ್ತು. ತಾಯಿ-ಮಗುವಿನ ಸಾವು ಮಾತ್ರ ಪಟ್ಟಿ ಇದ್ದ ಕಡೆಯೂ ಇಲ್ಲದ ಕಡೆಯೂ ಒಂದೇ (2017ರ ವರದಿ). ಪಟ್ಟಿ ಔಷಧಿ ತಂದುಕೊಡುವುದಿಲ್ಲ, ಪಳಗಿದ ಕೈಗಳನ್ನೂ ತಂದುಕೊಡುವುದಿಲ್ಲ. ಇದನ್ನು ಒಪ್ಪಿಕೊಂಡು ಬರೆದ ಸಂಶೋಧಕರ ಮೇಲೆ ನನಗೆ ಗೌರವ ಹೆಚ್ಚಾಯಿತು.

2004ರಲ್ಲಿ ಬೇಸ್‌ಕ್ಯಾಂಪ್, 2005ರಲ್ಲಿ ಟಾ-ಡಾ ಲಿಸ್ಟ್, 2011ರಲ್ಲಿ ಟ್ರೆಲ್ಲೋ ಬಂದವು. ಬೆಂಗಳೂರಿನವರೂ ಬೋಸ್ಟನ್ನಿನವರೂ ಒಂದೇ ಪಟ್ಟಿ ನೋಡುವ ಹಾಗಾಯಿತು, ಇದೇನು ಸಣ್ಣ ಅನುಕೂಲವಲ್ಲ. ಆದರೆ ಓದುವವರು, ಉತ್ತರಿಸುವವರು ಅಂತ ಇಬ್ಬರಿದ್ದ ಆಟ ಅಲ್ಲಿ ಒಬ್ಬರದ್ದಾಯಿತು ಅನ್ನೋದು ನನ್ನ ಅನುಮಾನ. ತಾನೇ ಓದಿ, ತಾನೇ ಒತ್ತಿ ಮುಂದೆ ಹೋಗುವುದು.

ಈಗ ನಾವು ಸೋಮವಾರ ಬೆಳಗ್ಗೆ ಹತ್ತು ನಿಮಿಷ ಅದೇ ಆನ್‌ಲೈನ್ ಪಟ್ಟಿಯನ್ನು ತೆರೆದು ಕೂರುತ್ತೇವೆ. ಒಬ್ಬರು ಓದುತ್ತಾರೆ. 'ಬ್ಯಾಕಪ್?' ಅಂದರೆ 'ನಿನ್ನೆ ರಾತ್ರಿಯದ್ದು, ಬೇರೆ ಮಷೀನಿನಲ್ಲಿ ತೆರೆದು ನೋಡಿದೆ' ಅನ್ನಬೇಕು. ಬರೀ 'ಆಯ್ತು' ಅಂದರೆ ಲೆಕ್ಕಕ್ಕಿಲ್ಲ. ಮೊದಲ ವಾರ ಹೀಗೆ ಓದಿದಾಗ ಎರಡು ಸಾಲುಗಳಿಗೆ ಯಾರೂ ಬಾಯಿ ಬಿಡಲಿಲ್ಲ. ಎರಡಕ್ಕೂ ಟಿಕ್ ಬಿದ್ದಿತ್ತು!