ಸೇಡಿಗೆ ಎಡೆ ಕೊಡದ ಆಟ

ಮಳೆಗಾಲ ಮುಗಿದರೆ ಗುರುವಾಯನಕೆರೆಯ ಆಸುಪಾಸಿನಲ್ಲಿ ಹೊನಲು ಬೆಳಕಿನ ಪಂದ್ಯಾಟಗಳ ಸರದಿ. ಕಬಡ್ಡಿಯಲ್ಲಿ ಒಬ್ಬನ ಮೊಣಕೈ ತಾಗಿದರೆ ಸಾಕು, ಮುಂದಿನ ರೈಡ್‌ನಲ್ಲಿ ಅವನಿಗೊಂದು ಕೊಡಲೇಬೇಕು ಎಂಬ ಹಟ ಹುಟ್ಟುತ್ತದೆ. ಪೆಟ್ಟಿಗೆ ಪೆಟ್ಟು ಬೇಡ ಎಂಬುದು ಯೇಸುವಿನ ಬೋಧನೆ. ಗೆಲ್ಲಲೆಂದೇ ಆಡುವ ಆಟದಲ್ಲಿ ಅದನ್ನು ಪಾಲಿಸಲು ಆಗುತ್ತದೆಯೇ?

ಬಾಸ್ಕೆಟ್‌ಬಾಲ್ ಹುಟ್ಟಿದ ಕಥೆಯಲ್ಲಿ ಇದಕ್ಕೊಂದು ಉತ್ತರ ಇದೆ. ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಕೆನಡಾದವರು, ಕ್ರೈಸ್ತ ಧರ್ಮಶಾಸ್ತ್ರ ಓದಿದವರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಅವರು ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಹೊಸ ಆಟ ಬೇಕಿತ್ತು. ಮೊದಲ ಪ್ರಯತ್ನದಲ್ಲಿ ಹುಡುಗರು ಗುದ್ದಾಡಿಕೊಂಡು ಕೆಲವರ ಕಣ್ಣು ಕಪ್ಪಾಯಿತು ಎಂದು ಅವರೇ ಮುಂದೆ ರೇಡಿಯೊದಲ್ಲಿ ನೆನಪಿಸಿಕೊಂಡಿದ್ದರು.

ನೈಸ್ಮಿತ್ ಬರೀ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ, ಜಗಳದ ಬೇರು ಹುಡುಕಿದರು. ಚೆಂಡು ಹಿಡಿದು ಓಡುವವನನ್ನು ತಡೆಯಬೇಕಾದರೆ ಕೆಡವಲೇಬೇಕು. ಹಾಗಾಗಿ ಚೆಂಡು ಹಿಡಿದು ಓಡುವುದನ್ನೇ ನಿಷೇಧಿಸಿದರು. ಬಲವಾಗಿ ಎಸೆದು ಲಾಭವಿಲ್ಲದಂತೆ ಬುಟ್ಟಿಯನ್ನು ತಲೆಗಿಂತ ಎತ್ತರದಲ್ಲಿ ಕಟ್ಟಿದರು. 13 ನಿಯಮಗಳಲ್ಲಿ ತಳ್ಳುವುದು, ಹಿಡಿಯುವುದು, ಹೊಡೆಯುವುದು ಎಲ್ಲವೂ ಫೌಲ್. ಬೇಕೆಂದೇ ಗಾಯ ಮಾಡಿದವನು ಇಡೀ ಆಟದಿಂದ ಹೊರಗೆ, ಅವನ ಬದಲಿಗೆ ಬೇರೆಯವನೂ ಇಲ್ಲ. ಲೆಕ್ಕ ಚುಕ್ತಾ ಮಾಡುವ ಕೆಲಸ ಪೆಟ್ಟು ತಿಂದವನದಲ್ಲ, ಅಂಪೈರನದು.

ನಾಲ್ಕು ವರ್ಷಗಳ ನಂತರ, 1895ರಲ್ಲಿ, ಹೋಲಿಯೋಕ್‌ನ ವೈಎಂಸಿಎಯಲ್ಲಿದ್ದ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದರು. ಅಲ್ಲಿ ಎರಡು ತಂಡಗಳ ನಡುವೆ ನೆಟ್ಟೇ ಬಂತು.

1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಆರಂಭಿಸಿದರು. 1956ರವರೆಗೆ ನಮ್ಮ ಜಿಲ್ಲೆಯೂ ಮದರಾಸಿಗೇ ಸೇರಿತ್ತು. ಅಂಥ ಕಡೆ ಕಲಿತ ಪಿ.ಟಿ. ಮಾಸ್ಟ್ರುಗಳ ಮೂಲಕ ಈ ಆಟಗಳು ದಕ್ಷಿಣ ಭಾರತದ ಶಾಲೆಗಳಿಗೆ ಹಬ್ಬಿದವು.

ಈಗ ವಾಲಿಬಾಲ್ ಎಲ್ಲ ಜಾತಿ ಮತದವರ ಆಟ. ಅದು ಕಲಿಸುವ ಪಾಠವೂ ಹಾಗೆಯೇ. ಪೆಟ್ಟಿಗೆ ಪೆಟ್ಟು ಬೇಡ ಎಂದರೆ ಸೋತು ಕೊಡಿ ಎಂದಲ್ಲ. ಎದುರಾಳಿಯ ಸ್ಮ್ಯಾಶ್‌ಗೆ ಸ್ಮ್ಯಾಶ್ ಕೊಡಿ, ಅದು ಆಟ. ಬೈಗುಳಕ್ಕೆ ಬೈಗುಳ, ಮೊಣಕೈಗೆ ಮೊಣಕೈ ಕೊಟ್ಟರೆ ಅದು ಸೇಡು. ನೈಸ್ಮಿತ್‌ರಿಂದ ನಮ್ಮ ಪಂದ್ಯಾಟ ಸಮಿತಿಗಳು ಕಲಿಯಬೇಕಾದ್ದು ಇನ್ನೊಂದಿದೆ: ತಾಳ್ಮೆಯನ್ನು ಆಟಗಾರನ ಮೇಲಷ್ಟೇ ಹೊರಿಸಿದರೆ ಸಾಲದು. ರೆಫ್ರಿ ಮೊದಲ ಫೌಲ್‌ಗೇ ಸೀಟಿ ಊದಿದರೆ, ಪೆಟ್ಟು ತಿಂದವನು ಕೈ ಎತ್ತುವ ಅಗತ್ಯವೇ ಬರುವುದಿಲ್ಲ.